ಪ್ರೇಮಕ್ಕೆ ಅಡ್ಡಬಂದ ರೌಡಿ: ‘ಆ ದಿನಗಳು’ ಮತ್ತು ಭೂಗತಲೋಕದ ಗತಕಾಲ

ಕಳೆದುಹೋದ ಒಂದು ಕಾಲಘಟ್ಟವನ್ನು ಉಡುಗೆ, ವಾಹನ, ಬೀದಿ, ಮಾತಿನ ಧಾಟಿಗಳ ಸಮೇತ ಮತ್ತೆ ಕಟ್ಟಿ ತೋರಿಸುವ ಸಿನಿಮಾವನ್ನು ಚಿತ್ರೋದ್ಯಮದವರು ‘ಪೀರಿಯಡ್ ಚಿತ್ರ’ ಎನ್ನುತ್ತಾರೆ. ರಾಜಮಹಾರಾಜರ ಕಥೆಗಳಿಗೆ ಸಲ್ಲುತ್ತಿದ್ದ ಈ ಹೆಸರು ಈಚಿನ ಎರಡು ದಶಕಗಳಲ್ಲಿ ರೌಡಿಗಳ ಕಥೆಗಳಿಗೂ ಅಂಟಿಕೊಂಡಿದ್ದು, ಸಾವಿರದ ಒಂಬೈನೂರ ಎಪ್ಪತ್ತು ಎಂಬತ್ತರ ದಶಕಗಳ ಭೂಗತಲೋಕವನ್ನು ಹಿನ್ನೆಲೆಯಾಗಿಟ್ಟು ಅದರ ನಡುವೆ ಒಂದು ಪ್ರೇಮಪ್ರಸಂಗವನ್ನು ಹೆಣೆಯುವ ಚಿತ್ರಗಳು ದಕ್ಷಿಣ ಭಾರತದ ಎಲ್ಲ ಭಾಷೆಗಳಲ್ಲೂ ಬರುತ್ತಿವೆ. ಇಂಥ ಚಿತ್ರಗಳಲ್ಲಿ ಪ್ರೇಮಕ್ಕೆ ಸಾಮಾನ್ಯವಾಗಿ ಸಿಗುವ ಸ್ಥಾನ ಬಿಡುವಿನದು: ಎರಡು ಹೊಡೆದಾಟಗಳ ನಡುವೆ ಒಂದು ಹಾಡು, ನಾಯಕ ಒಳ್ಳೆಯವನೆಂದು ಸಾಬೀತುಪಡಿಸಲು ಒಬ್ಬ ನಾಯಕಿ, ಕೊನೆಯಲ್ಲಿ ಅಳಲು ಒಂದು ಕಾರಣ. ಪ್ರೇಮವನ್ನು ಬಿಡುವಿನ ವೇಳೆಯಿಂದ ಎತ್ತಿ ಕಥೆಯ ಬೇರಿಗೇ ತಂದಿಟ್ಟು, ರೌಡಿಯನ್ನು ಕರೆಸಿದವರು ಯಾರು ಎಂದು ಕೇಳಿದ ಚಿತ್ರಗಳು ಬೆರಳೆಣಿಕೆಯವು. ಕನ್ನಡದಲ್ಲಿ ಆ ಪ್ರಶ್ನೆಯನ್ನು ಸ್ಪಷ್ಟವಾಗಿ ಕೇಳಿದ ಚಿತ್ರ 2007ರ ಅಕ್ಟೋಬರ್‌ನಲ್ಲಿ ತೆರೆಕಂಡ, ಕೆ. ಎಂ. ಚೈತನ್ಯ ನಿರ್ದೇಶನದ ‘ಆ ದಿನಗಳು’.

ಈ ಪ್ರಕಾರದ ಹುಟ್ಟು ಅಮೆರಿಕದಲ್ಲಾಯಿತು. ಮದ್ಯ ನಿಷೇಧದ ಕಾಲದ ಕಳ್ಳಭಟ್ಟಿ ಗುಂಪುಗಳ ಸುದ್ದಿ ಪತ್ರಿಕೆಗಳ ತುಂಬ ಹರಿದಾಡುತ್ತಿದ್ದಾಗ, 1931ರಲ್ಲಿ ‘ಲಿಟ್ಲ್ ಸೀಸರ್’ ಹಾಗೂ ‘ದಿ ಪಬ್ಲಿಕ್ ಎನಿಮಿ’, 1932ರಲ್ಲಿ ‘ಸ್ಕಾರ್‌ಫೇಸ್’ ಬಂದವು. ಅವು ಹಳೆಯ ಕಾಲದ ಚಿತ್ರಗಳಾಗಿರಲಿಲ್ಲ, ಅಂದಿನ ವರ್ತಮಾನದ ಚಿತ್ರಗಳೇ ಆಗಿದ್ದವು. ಅಪರಾಧಿ ಗೆಲ್ಲಬಾರದು, ಪ್ರೇಕ್ಷಕನ ಸಹಾನುಭೂತಿ ಅವನ ಕಡೆ ವಾಲಬಾರದು ಎಂಬ ನಿಯಮಾವಳಿಯನ್ನು ಹಾಲಿವುಡ್ 1934ರಿಂದ ಬಿಗಿಯಾಗಿ ಜಾರಿಗೆ ತಂದ ಮೇಲೆ ಅವುಗಳ ಹುರುಪು ಕುಗ್ಗಿತು. ಆ ಹಿಡಿತ ಸಡಿಲವಾಗುತ್ತಿದ್ದ 1967ರಲ್ಲಿ ಆರ್ಥರ್ ಪೆನ್ ನಿರ್ದೇಶಿಸಿದ ‘ಬಾನಿ ಅಂಡ್ ಕ್ಲೈಡ್’, ಮೂವತ್ತು ವರ್ಷ ಹಿಂದಿನ ಬ್ಯಾಂಕ್ ದರೋಡೆಕೋರ ಜೋಡಿಯೊಂದರ ನಿಜಜೀವನವನ್ನು ಎತ್ತಿಕೊಂಡು, ಗತಕಾಲ, ಅಪರಾಧ, ಪ್ರೇಮ ಈ ಮೂರನ್ನೂ ಒಂದೇ ಎಳೆಯಲ್ಲಿ ನೇಯ್ದಿತು. ಕಾಲ ದೂರವಾದಷ್ಟೂ ಅಪರಾಧಿಯನ್ನು ಮನುಷ್ಯನಾಗಿ ನೋಡಲು ಪ್ರೇಕ್ಷಕ ಅಂಜುವುದಿಲ್ಲ ಎಂಬುದು ಆ ಚಿತ್ರದಿಂದ ನಿರ್ಮಾಪಕರಿಗೆ ಮನವರಿಕೆಯಾಯಿತು. ಅದರ ಐದು ವರ್ಷಗಳ ನಂತರ ಬಂದ ‘ದಿ ಗಾಡ್‌ಫಾದರ್’ ಕೂಡ ಆ ದೂರದ ಲಾಭವನ್ನೇ ಪಡೆಯಿತು.

ಭಾರತದಲ್ಲಿ ಮಣಿರತ್ನಂ ಅವರ 1987ರ ತಮಿಳು ಚಿತ್ರ ‘ನಾಯಕನ್’ ಮುಂಬೈಯ ಭೂಗತ ದೊರೆ ವರದರಾಜ ಮುದಲಿಯಾರ್ ಬದುಕಿನ ನೆರಳಿನಲ್ಲಿ ಈ ಜಾಡನ್ನು ತುಳಿಯಿತು. ವೇಶ್ಯಾಗೃಹವೊಂದರಲ್ಲಿ ನಾಯಕನೆದುರು ನಿಂತ ಹುಡುಗಿ, ಮರುದಿನ ತನಗೆ ಪರೀಕ್ಷೆಯಿದೆ, ಬೇಗ ಬಿಟ್ಟರೆ ಓದಿಕೊಳ್ಳಬಹುದು ಎಂದು ಕೇಳಿಕೊಳ್ಳುವ ಸನ್ನಿವೇಶ ಆ ಚಿತ್ರದ ಹತ್ತು ಹೊಡೆದಾಟಗಳಿಗಿಂತ ಹೆಚ್ಚು ಕಾಲ ನೆನಪಿನಲ್ಲಿ ಉಳಿದಿದೆ. ಅದಕ್ಕೆ ವ್ಯತಿರಿಕ್ತವಾಗಿ ಅನುರಾಗ್ ಕಶ್ಯಪ್ 2015ರಲ್ಲಿ ತೆಗೆದ ‘ಬಾಂಬೆ ವೆಲ್ವೆಟ್’, ಅರವತ್ತರ ದಶಕದ ಬೊಂಬಾಯಿಯನ್ನು ಶ್ರೀಲಂಕಾದಲ್ಲಿ ಸೆಟ್ ಹಾಕಿ ಅಪಾರ ಖರ್ಚಿನಲ್ಲಿ ಮರುಸೃಷ್ಟಿಸಿಯೂ ಗಲ್ಲಾಪೆಟ್ಟಿಗೆಯಲ್ಲಿ ಮುಗ್ಗರಿಸಿತು. ಅಲ್ಲಿ ಕಾಲವಿತ್ತು, ಪ್ರೇಮವೂ ಇತ್ತು, ಆದರೆ ಪ್ರೇಮಕ್ಕೂ ಅಪರಾಧಕ್ಕೂ ನಡುವೆ ಇರಬೇಕಾದ ಗಂಟು ಸಡಿಲವಾಗಿತ್ತು.

ಕನ್ನಡದ ಮಟ್ಟಿಗೆ ಆ ಗಂಟನ್ನು ಮೊದಲು ಬಿಗಿದ ಚಿತ್ರವೆಂದರೆ 1995ರ ಮೇ ತಿಂಗಳಲ್ಲಿ ಬಂದ ಉಪೇಂದ್ರ ನಿರ್ದೇಶನದ ‘ಓಂ’. ಪಾರ್ವತಮ್ಮ ರಾಜ್‌ಕುಮಾರ್ ನಿರ್ಮಿಸಿ, ಹಂಸಲೇಖ ಸಂಗೀತ ನೀಡಿದ ಈ ಚಿತ್ರದಲ್ಲಿ ಶಿವರಾಜ್‌ಕುಮಾರ್ ವಹಿಸಿದ ಸತ್ಯ ಎಂಬ ಅರ್ಚಕರ ಮಗ ಪ್ರೇಮದ ಕಾರಣದಿಂದಲೇ ಹಿಂಸೆಯ ದಾರಿಗೆ ಬೀಳುತ್ತಾನೆ. ನಿಜಜೀವನದ ಕೆಲವು ರೌಡಿಗಳೇ ತೆರೆಯ ಮೇಲೆ ಕಾಣಿಸಿಕೊಂಡದ್ದು, ಐನೂರಕ್ಕೂ ಹೆಚ್ಚು ಬಾರಿ ಮರುಬಿಡುಗಡೆಯಾಗಿ ಲಿಮ್ಕಾ ದಾಖಲೆ ಪುಸ್ತಕ ಸೇರಿದ್ದು, ಎರಡು ದಶಕ ಕಾಲ ಟಿ.ವಿ. ವಾಹಿನಿಗಳ ಕೈಗೆ ಸಿಗದೆ ಚಿತ್ರಮಂದಿರಗಳಲ್ಲೇ ಬದುಕಿದ್ದು, ಇವೆಲ್ಲ ಈಗ ಸಿನಿಮಾಪ್ರಿಯರ ಬಾಯಿಪಾಠ. ಅದೇ ವರ್ಷ ರವಿ ಬೆಳಗೆರೆ ‘ಹಾಯ್ ಬೆಂಗಳೂರ್’ ವಾರಪತ್ರಿಕೆಯನ್ನು ಆರಂಭಿಸಿದರು. ಭೂಗತಲೋಕದ ಕಥನಗಳನ್ನು ಕಾದಂಬರಿಯಂತೆ ಓದುವ ವಾಚಕವರ್ಗವೊಂದು ಸಿನಿಮಾ ಮತ್ತು ವಾರಪತ್ರಿಕೆ ಎರಡರ ಆಶ್ರಯದಲ್ಲೂ ಒಟ್ಟಿಗೆ ಬೆಳೆಯಿತು. ಆದರೆ ‘ಓಂ’ ತನ್ನ ಕಾಲದ ಬೆಂಗಳೂರಿನದೇ ಕಥೆ, ಪೀರಿಯಡ್ ಚಿತ್ರವಲ್ಲ. ಹಿಂದಿರುಗಿ ನೋಡುವ ಕೆಲಸಕ್ಕೆ ಇನ್ನೂ ಹನ್ನೆರಡು ವರ್ಷ ಬೇಕಾಯಿತು.

ಹಾಗೆ ನೋಡಬೇಕಾಗಿದ್ದ ಬೆಂಗಳೂರು ಎಂಥದ್ದು ಎಂಬುದನ್ನು ತಿಳಿಯದೆ ಚಿತ್ರ ಅರ್ಥವಾಗುವುದಿಲ್ಲ. 1971ರ ಜನಗಣತಿಯಲ್ಲಿ ಸುಮಾರು 16.5 ಲಕ್ಷವಿದ್ದ ನಗರದ ಜನಸಂಖ್ಯೆ 1981ರ ಹೊತ್ತಿಗೆ 29 ಲಕ್ಷ ದಾಟಿತ್ತು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ಗಳಂಥ ಸರ್ಕಾರಿ ಕಾರ್ಖಾನೆಗಳ ಸುತ್ತ ಬಡಾವಣೆಗಳು ಹಬ್ಬಿದವು, ನಿವೇಶನದ ಬೆಲೆ ಏರಿತು, ಬಾಡಿಗೆದಾರನನ್ನು ಬಿಡಿಸುವ, ಬೇಲಿ ಸರಿಸುವ, ಸಾಲ ವಸೂಲಿ ಮಾಡುವ ತಂಟೆಗಳು ಬೆಳೆದವು. ಸಿವಿಲ್ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಹಿಡಿಯುವ ಇಂಥ ತಕರಾರನ್ನು ಒಂದೇ ರಾತ್ರಿಯಲ್ಲಿ ಬಗೆಹರಿಸಿಕೊಡುವವನಿಗೆ ಮರ್ಯಾದಸ್ಥರ ಮನೆಗಳಲ್ಲೂ ಬೇಡಿಕೆ ಹುಟ್ಟಿತು. ಪೇಟೆಯ ಗರಡಿಮನೆಗಳಲ್ಲಿ, ಅಂದರೆ ಕುಸ್ತಿ ಕಲಿಸುವ ಅಖಾಡಗಳಲ್ಲಿ, ಮೈ ಬೆಳೆಸಿದ ಪೈಲ್ವಾನರಿಗೆ ರಾಜಕೀಯ ಪಕ್ಷಗಳೂ ಗಿರಾಕಿಗಳಾದವು. ‘ರೌಡಿ’ ಎಂಬುದು ಬೈಗುಳದ ಮಟ್ಟ ದಾಟಿ ಒಂದು ವೃತ್ತಿಯ ಹೆಸರಾದದ್ದು ಈ ಅವಧಿಯಲ್ಲಿ. ‘ರೌಡಿ ಶೀಟ್’ ಎಂದರೆ ಹಿಂಸಾಚಾರದ ಹಿನ್ನೆಲೆಯುಳ್ಳವನ ಮೇಲೆ ನಿಗಾ ಇಡಲು ಪೊಲೀಸ್ ಠಾಣೆಯಲ್ಲಿ ತೆರೆದಿಡುವ ಕಡತ.

ಈ ಲೋಕದ ಮೊದಲ ದೊಡ್ಡ ಹೆಸರು ಎಂ. ಪಿ. ಜಯರಾಜ್. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದ ಎಪ್ಪತ್ತರ ದಶಕದಲ್ಲಿ ‘ಇಂದಿರಾ ಬ್ರಿಗೇಡ್’ ಎಂಬ ಸಂಘಟನೆಯ ಜತೆ ಆತನ ಹೆಸರು ಸೇರಿಕೊಂಡಿತ್ತು. ಆತ ದೀರ್ಘಕಾಲ ಸೆರೆಮನೆಯಲ್ಲಿದ್ದಾಗ ಮೇಲೆದ್ದವನು ಕೊತ್ವಾಲ್ ರಾಮಚಂದ್ರ. ಎಂಬತ್ತರ ದಶಕದ ನಡುವಿನಲ್ಲಿ ಜಯರಾಜ್ ಹೊರಬಂದಾಗ ನಗರ ಇಬ್ಬರ ನಡುವೆ ಹಂಚಿಹೋಗಿತ್ತು. 1986ರಲ್ಲಿ ಕೊತ್ವಾಲನ ಕೊಲೆಯಾಯಿತು, 1989ರ ನವೆಂಬರ್‌ನಲ್ಲಿ ಜಯರಾಜ್ ಗುಂಡಿಗೆ ಬಲಿಯಾದ. ಕೊತ್ವಾಲನ ಕಾಲದವರೆಗೆ ಬೆಂಗಳೂರಿನ ರೌಡಿಯ ಆಯುಧ ಮಚ್ಚು ಮತ್ತು ‘ಲಾಂಗು’. ಲಾಂಗು ಎಂದರೆ ಅಂಗಿಯೊಳಗೆ ಬೆನ್ನಿಗೆ ಆನಿಸಿ ಬಚ್ಚಿಡಬಹುದಾದ, ತೋಳುದ್ದದ ಮಚ್ಚು. ಲಾಂಗಿನಿಂದ ಕೊಲ್ಲಬೇಕಾದವನು ತನ್ನ ಬಲಿಯ ಕೈಯಳತೆಗೆ ಬರಬೇಕು, ಮುಖ ನೋಡಬೇಕು, ಕೂಗು ಕೇಳಬೇಕು. ಬಂದೂಕು ಬಂದ ಮೇಲೆ ಈ ಸಾಮೀಪ್ಯ ಹೋಯಿತು. ಬೆಂಗಳೂರಿನ ರೌಡಿ ಚಿತ್ರಗಳು ಮುಂಬೈಯವಕ್ಕಿಂತ ಮೈಗೆ ಹೆಚ್ಚು ಹತ್ತಿರದ ಭಯ ಹುಟ್ಟಿಸುವುದಕ್ಕೆ ಆಯುಧದ ಈ ಉದ್ದವೂ ಒಂದು ಕಾರಣವಿರಬೇಕು.

ಈ ಇಡೀ ಅವಧಿಯನ್ನು ಒಳಗಿನಿಂದ ಕಂಡು ಬರೆದವರು ‘ಅಗ್ನಿ’ ವಾರಪತ್ರಿಕೆಯ ಸಂಪಾದಕರಾದ ಅಗ್ನಿ ಶ್ರೀಧರ್. ಅವರ ಆತ್ಮಕಥನ ‘ದಾದಾಗಿರಿಯ ದಿನಗಳು’, 2013ರಲ್ಲಿ ಇಂಗ್ಲಿಷಿಗೂ ಅನುವಾದಗೊಂಡಿತು. ಕಾನೂನು ಓದುವ ಹಂಬಲದ, ಸಾಹಿತ್ಯದ ಗೀಳಿನ ಯುವಕನೊಬ್ಬ ಆ ಲೋಕದೊಳಗೆ ಎಳೆಯಲ್ಪಟ್ಟ ಬಗೆಯನ್ನೂ, ಕೊತ್ವಾಲನ ಕೊಲೆಯ ಪ್ರಸಂಗವನ್ನೂ ಆ ಪುಸ್ತಕ ವಿವರಿಸುತ್ತದೆ. ಅಪರಾಧದ ಬರವಣಿಗೆ ಬಹುಮಟ್ಟಿಗೆ ಪೊಲೀಸ್ ವರದಿ ಅಥವಾ ಪತ್ರಕರ್ತನ ಕಣ್ಣಿನಿಂದಲೇ ಬರುತ್ತಿದ್ದ ಕನ್ನಡದಲ್ಲಿ ಪಾಲುಗೊಂಡವನ ಬಾಯಿಂದ ಬಂದ ಈ ನಿರೂಪಣೆ ಹೊಸದಾಗಿತ್ತು. ಪಾಲುಗೊಂಡವನ ಮಾತಿನಲ್ಲಿ ಸಮರ್ಥನೆಯ ಸೆಳಕು ಇದ್ದೇ ಇರುತ್ತದೆ ಎಂಬುದನ್ನು ಮರೆಯದೆ ಓದಬೇಕಾದ ಪುಸ್ತಕವೂ ಹೌದು.

ಈ ಕಥನವನ್ನು ಆಧರಿಸಿದ ‘ಆ ದಿನಗಳು’ ಚಿತ್ರಕ್ಕೆ ಶ್ರೀಧರ್ ಅವರ ಜತೆ ಚಿತ್ರಕಥೆ ಬರೆದವರು ಗಿರೀಶ್ ಕಾರ್ನಾಡ್. ‘ತುಘಲಕ್’ ಬರೆದ ನಾಟಕಕಾರ ಬೆಂಗಳೂರಿನ ರೌಡಿಗಳ ಕಥೆಗೆ ಕೈ ಹಾಕಿದ್ದು ಆಗ ಹಲವರಿಗೆ ವಿಚಿತ್ರವೆನಿಸಿದ್ದರೂ, ಅಧಿಕಾರ, ವಂಚನೆ, ನಂಬಿದವರಿಂದಲೇ ಬರುವ ಸಾವು ಇವು ಅವರ ನಾಟಕಗಳ ಹಳೆಯ ವಸ್ತುಗಳೇ ಆಗಿದ್ದುದನ್ನು ನೆನೆದರೆ ವಿಚಿತ್ರವೇನೂ ಇಲ್ಲ. ನಾಯಕನಾಗಿ ಪರಿಚಯವಾದವರು ಅಮೆರಿಕದಲ್ಲಿ ಹುಟ್ಟಿ ಬೆಳೆದ ಕನ್ನಡ ಕುಟುಂಬದ ಚೇತನ್, ನಾಯಕಿ ಅರ್ಚನಾ. ಕೊತ್ವಾಲನಾಗಿ ಶರತ್ ಲೋಹಿತಾಶ್ವ, ಜಯರಾಜ್ ಆಗಿ ಆಶಿಷ್ ವಿದ್ಯಾರ್ಥಿ, ಶ್ರೀಧರ್ ಆಗಿ ಅತುಲ್ ಕುಲಕರ್ಣಿ ಅಭಿನಯಿಸಿದರು. ನಿಜವ್ಯಕ್ತಿಗಳ ಹೆಸರನ್ನು ಮರೆಮಾಚದೆ ಹಾಗೆಯೇ ಬಳಸಿದ್ದು ಅಂದಿನ ಕನ್ನಡ ಸಿನಿಮಾದಲ್ಲಿ ದಿಟ್ಟ ನಡೆ.

ಕಥೆಯ ಬೀಜ ಸರಳವಾದದ್ದು. ಅನುಕೂಲಸ್ಥ ಉದ್ಯಮಿಯ ಮಗ ಚೇತನ್ ಬೇರೆ ಜಾತಿಯ ಹುಡುಗಿ ಮಾಲಿನಿಯನ್ನು ಪ್ರೀತಿಸುತ್ತಾನೆ. ಮಗನ ಮನಸ್ಸು ತಿರುಗದೆಂದು ಕಂಡಾಗ ತಂದೆ ಆ ಜೋಡಿಯನ್ನು ಬೇರ್ಪಡಿಸುವ ಕೆಲಸವನ್ನು ಕೊತ್ವಾಲನಿಗೆ ಒಪ್ಪಿಸುತ್ತಾನೆ. ಬೆದರಿಕೆ ಬಂದ ಮೇಲೆ ಆ ಯುವಕ ಹುಡುಕಿಕೊಂಡು ಹೋಗುವುದು ಠಾಣೆಯನ್ನಲ್ಲ, ಕೊತ್ವಾಲನ ವಿರೋಧಿಗಳನ್ನು. ಒಬ್ಬ ರೌಡಿಯಿಂದ ತಪ್ಪಿಸಿಕೊಳ್ಳಲು ಇನ್ನೊಂದು ಗುಂಪಿನ ಆಸರೆ, ಆ ಆಸರೆಗೆ ಬೆಲೆಯಾಗಿ ಒಂದು ಕೊಲೆಯ ಸಂಚಿನಲ್ಲಿ ಪಾಲು, ಹೀಗೆ ಪ್ರೇಮಿಯೊಬ್ಬ ಹೆಜ್ಜೆ ಹೆಜ್ಜೆಯಾಗಿ ಭೂಗತಲೋಕದ ಒಳಮನೆಗೆ ಬರುತ್ತಾನೆ. ‘ಸ್ಕೆಚ್ ಹಾಕುವುದು’ ಎಂದು ಆ ಲೋಕದವರು ಕರೆಯುವ ಕ್ರಿಯೆ, ಅಂದರೆ ಬಲಿಯ ದಿನಚರಿ, ಜತೆಗಾರರು, ದೌರ್ಬಲ್ಯಗಳನ್ನು ಗಮನಿಸಿ ಕೊಲೆಗೆ ಜಾಗ ಮತ್ತು ಹೊತ್ತು ಗೊತ್ತುಮಾಡುವುದು, ಚಿತ್ರದ ಉತ್ತರಾರ್ಧವನ್ನು ಆವರಿಸುತ್ತದೆ. ಕೊತ್ವಾಲನನ್ನು ಕೊಲ್ಲುವವರು ಮೊದಲು ಅವನ ನಂಬಿಕೆ ಗಳಿಸಬೇಕು, ಅವನೊಡನೆ ಉಣ್ಣಬೇಕು, ಅವನ ಮಾತಿಗೆ ನಗಬೇಕು. ಕಾಯುವಿಕೆಯ ಆ ಹೊತ್ತನ್ನು ಚೈತನ್ಯ ಆತುರವಿಲ್ಲದೆ ತೋರಿಸಿದ್ದಾರೆ. ಶರತ್ ಲೋಹಿತಾಶ್ವ ತಮ್ಮ ಕಣ್ಣು ಮತ್ತು ತಗ್ಗಿದ ದನಿಯಿಂದಲೇ ಆ ಮನುಷ್ಯನ ಸಂಶಯ, ಕ್ರೌರ್ಯ, ಒಂಟಿತನಗಳನ್ನು ಮೂಡಿಸಿರುವುದರಿಂದ, ಸಾಯಬೇಕಾದವನ ಬಗ್ಗೆ ಪ್ರೇಕ್ಷಕನಿಗೆ ಅನಿರೀಕ್ಷಿತವಾಗಿ ಕನಿಕರವೂ ಹುಟ್ಟುತ್ತದೆ.

ತಂದೆಯ ಪಾತ್ರದಲ್ಲಿ ಕಾಣಿಸಿಕೊಳ್ಳುವವರು ಸ್ವತಃ ಕಾರ್ನಾಡರು. ಇಸ್ತ್ರಿ ಹಾಕಿದ ಬಟ್ಟೆ, ಮೆಲುಮಾತು, ಸುಸಂಸ್ಕೃತ ಮನೆತನ, ಇವುಗಳ ಹಿಂದಿನಿಂದ ರೌಡಿಗೆ ಹೇಳಿ ಕಳಿಸುವ ಆ ತಂದೆ ಚಿತ್ರದಲ್ಲಿ ಯಾರ ಮೇಲೂ ಕೈ ಎತ್ತಬೇಕಾಗಿಯೇ ಇಲ್ಲ. ಚಿತ್ರದ ನಿಜವಾದ ಅಪಾಯಕಾರಿ ವ್ಯಕ್ತಿ ಅವನೇ. ‘ಓಂ’ ಚಿತ್ರದಲ್ಲಿ ಪ್ರೇಮ ಒಬ್ಬನನ್ನು ರೌಡಿಯಾಗಿಸಿದರೆ, ಇಲ್ಲಿ ಪ್ರೇಮವು ರೌಡಿಯ ಯಜಮಾನರು ಯಾರು ಎಂಬುದನ್ನು ಬಯಲಿಗೆಳೆಯುತ್ತದೆ. ಜಾತಿಯ ಗೆರೆ ಕಾಯಲು ಮರ್ಯಾದಸ್ಥ ಮನೆಯೊಂದು ಮಚ್ಚಿನ ಸಹಾಯ ಬೇಡುತ್ತದೆಂಬುದು ಯಾವ ಹೊಡೆದಾಟದ ದೃಶ್ಯಕ್ಕಿಂತಲೂ ಕಟುವಾದ ಸಂಗತಿ.

ಇದು ಸಿನಿಮಾದ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. ಬೇರೆ ಬೇರೆ ಧರ್ಮದವರು ಮತಾಂತರವಿಲ್ಲದೆ ಮದುವೆಯಾಗಲು, ಹಾಗೂ ಯಾವ ಜಾತಿಯವರೇ ಆದರೂ ಸರ್ಕಾರಿ ನೋಂದಣಿಯ ಮೂಲಕ ಒಂದಾಗಲು ಅವಕಾಶ ಕೊಡುವ 1954ರ ವಿಶೇಷ ವಿವಾಹ ಕಾಯ್ದೆಯಲ್ಲೇ ಒಂದು ಕೊಂಡಿಯಿದೆ. ಮದುವೆಯಾಗಲಿಚ್ಛಿಸುವವರು ಮೊದಲು ವಿವಾಹಾಧಿಕಾರಿಗೆ ಸೂಚನಾಪತ್ರ ಕೊಡಬೇಕು, ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಬೇಕು, ಆಕ್ಷೇಪಗಳಿಗಾಗಿ 30 ದಿನ ಕಾಯಬೇಕು. ಕಾನೂನಿನ ಉದ್ದೇಶ ಮೋಸದ ಮದುವೆಗಳನ್ನು ತಡೆಯುವುದೇ ಇದ್ದರೂ, ಮನೆಯವರ ಒಪ್ಪಿಗೆಯಿಲ್ಲದ ಜೋಡಿಗೆ ಆ ಮೂವತ್ತು ದಿನಗಳು ವಿಳಾಸ ಸಮೇತ ಸಿಕ್ಕಿಬೀಳುವ ದಿನಗಳು. ದೇವಸ್ಥಾನದಲ್ಲಿ ಗುಟ್ಟಾಗಿ ತಾಳಿ ಕಟ್ಟುವ ದೃಶ್ಯಗಳು ಕನ್ನಡ ಸಿನಿಮಾದಲ್ಲಿ ಅಷ್ಟು ಹೆಚ್ಚಾಗಿರುವುದಕ್ಕೆ ಭಾವುಕತೆಯ ಜತೆ ಈ ವ್ಯಾವಹಾರಿಕ ಕಾರಣವೂ ಇದೆ.

ಗತಕಾಲವನ್ನು ಕಟ್ಟುವ ವಿಧಾನದಲ್ಲೂ ‘ಆ ದಿನಗಳು’ ಗಮನಿಸಬೇಕಾದ ಚಿತ್ರ. ಪೀರಿಯಡ್ ಚಿತ್ರವೆಂದರೆ ಅಂಬಾಸಿಡರ್ ಕಾರು, ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ ಅಥವಾ ಯೆಜ್ಡಿ ಬೈಕು, ಡಯಲ್ ತಿರುಗಿಸುವ ಟೆಲಿಫೋನು, ದೊಡ್ಡ ಕಾಲರಿನ ಅಂಗಿ ಇವಿಷ್ಟೇ ಎಂದು ನಂಬಿರುವ ನಿರ್ದೇಶಕರು ಬಹಳ ಮಂದಿ. ಇಲ್ಲಿ ಕಾಲವನ್ನು ಕಿವಿಗೂ ಮುಟ್ಟಿಸುವ ಪ್ರಯತ್ನವಿದೆ, ಏಕೆಂದರೆ ಸಂಗೀತ ಇಳಯರಾಜ ಅವರದು. ಶಂಕರ್ ನಾಗ್ ಅವರ ‘ಗೀತಾ’ (1981), ಮಣಿರತ್ನಂ ಅವರ ಮೊದಲ ಚಿತ್ರವಾದ ‘ಪಲ್ಲವಿ ಅನುಪಲ್ಲವಿ’ (1983) ಇವುಗಳ ಮೂಲಕ ಎಂಬತ್ತರ ದಶಕದ ಕನ್ನಡ ಯುವಜನರಿಗೆ ಪ್ರೇಮದ ನಾದವೆಂದರೆ ಇಳಯರಾಜ ಎಂಬಂತಾಗಿತ್ತು. ಆ ದಶಕದ ಪ್ರೇಮಕಥೆಗೆ ಅವರಿಂದಲೇ ಸಂಗೀತ ಮಾಡಿಸಿದ್ದರಿಂದ, ಆ ವಯಸ್ಸನ್ನು ಆಗ ಬದುಕಿದ್ದ ಪ್ರೇಕ್ಷಕನಿಗೆ ಕಾಲದ ಗುರುತು ಕಣ್ಣಿಗಿಂತ ಮೊದಲು ಕಿವಿಗೆ ಸಿಕ್ಕಿತು. ಚಿತ್ರದ ಪ್ರೇಮಗೀತೆಗಳು ಚಿತ್ರಕ್ಕಿಂತ ಹೆಚ್ಚು ಜನರನ್ನು ತಲುಪಿ ಇಂದಿಗೂ ಎಫ್‌ಎಂ ವಾಹಿನಿಗಳಲ್ಲಿ ಕೇಳಿಬರುತ್ತವೆ. ರೌಡಿ ಚಿತ್ರವೊಂದರ ಹಾಡುಗಳೆಂಬುದು ಎಷ್ಟೋ ಕೇಳುಗರಿಗೆ ಗೊತ್ತಿಲ್ಲದಿದ್ದರೂ ಆಶ್ಚರ್ಯವಿಲ್ಲ.

ಚಿತ್ರದ ಕೊರತೆಯೂ ಪ್ರೇಮದ ಭಾಗದಲ್ಲೇ ಇದೆ. ಯಾರಿಗಾಗಿ ಒಂದು ಕೊಲೆ ನಡೆಯುತ್ತದೆಯೋ ಆ ಹುಡುಗಿಗೆ ಚಿತ್ರ ಕೊಡುವ ಮಾತು ಕಡಿಮೆ. ತನ್ನ ಹೆಸರಿನಲ್ಲಿ ಹರಿಯುವ ರಕ್ತದ ಬಗ್ಗೆ ಮಾಲಿನಿ ಏನೆಂದುಕೊಂಡಳು ಎಂಬ ಪ್ರಶ್ನೆಯನ್ನು ಚಿತ್ರಕಥೆ ಬೆನ್ನಟ್ಟಿ ಹೋಗುವುದಿಲ್ಲ. ಶ್ರೀಧರ್ ಅವರದೇ ಕಥೆಯನ್ನು ಆಧರಿಸಿ ಸುಮನ್ ಕಿತ್ತೂರು 2012ರಲ್ಲಿ ನಿರ್ದೇಶಿಸಿದ ‘ಎದೆಗಾರಿಕೆ’ ಬೇರೆಯೇ ದಿಕ್ಕು ಹಿಡಿಯಿತು. ಅಲ್ಲಿ ಕೊಲೆಯಾಗಬೇಕಾದವನು ಭೂಗತಲೋಕದವನೇ. ತನ್ನ ಸಾವು ಗೊತ್ತಾದ ಆತ ಅದನ್ನು ಎದುರಿಸುವ ರೀತಿಯೇ ಆ ಚಿತ್ರದ ಶೀರ್ಷಿಕೆಗೆ ಅರ್ಥ ತುಂಬುತ್ತದೆ. ರೌಡಿಗಳ ಕಥೆಯೆಂದರೆ ಗಂಡಸರ ಹಕ್ಕು ಎಂಬಂತಿದ್ದ ಉದ್ಯಮದಲ್ಲಿ ಮಹಿಳಾ ನಿರ್ದೇಶಕಿಯೊಬ್ಬರು ‘ಸ್ಲಂ ಬಾಲ’, ‘ಎದೆಗಾರಿಕೆ’ಗಳನ್ನು ತೆಗೆದದ್ದು ಸಿಗಬೇಕಾದಷ್ಟು ಗಮನ ಪಡೆಯಲಿಲ್ಲ.

ಅದೇ ಬೆಂಗಳೂರಿನ ಇನ್ನೂ ಹಿಂದಿನ ಅಧ್ಯಾಯವನ್ನು 2022ರ ಅಕ್ಟೋಬರ್‌ನಲ್ಲಿ ಬಂದ ‘ಹೆಡ್ ಬುಷ್’ ಎತ್ತಿಕೊಂಡಿತು. ಜಯರಾಜ್ ಪಾತ್ರದಲ್ಲಿ ಧನಂಜಯ ನಟಿಸಿದ ಈ ಚಿತ್ರಕ್ಕೆ ಕಥೆ ಒದಗಿಸಿದವರೂ ಅಗ್ನಿ ಶ್ರೀಧರ್. ಅರಸು ಕಾಲದ ರಾಜಕೀಯವನ್ನು ತೆರೆಗೆ ತಂದ ಚಿತ್ರವೆಂಬುದಕ್ಕಿಂತ, ಕರಗ ಮತ್ತು ವೀರಗಾಸೆಯನ್ನು ತೋರಿಸಿದ ರೀತಿಗೆ ಎದ್ದ ಆಕ್ಷೇಪಗಳಿಂದಲೇ ಅದು ಹೆಚ್ಚು ಸುದ್ದಿಯಾಯಿತು. ಗತಕಾಲದ ರಾಜಕಾರಣಿಗಳ ಬಗ್ಗೆ ಸಿನಿಮಾ ಹೇಳಿದ್ದನ್ನು ಯಾರೂ ಅಷ್ಟಾಗಿ ಪ್ರಶ್ನಿಸದೆ, ಆಚರಣೆಯ ಒಂದು ದೃಶ್ಯಕ್ಕೆ ಬೀದಿಗಿಳಿದರೆಂಬುದು ಪೀರಿಯಡ್ ಚಿತ್ರ ಮಾಡುವವರು ಯಾವ ನೆಲದ ಮೇಲೆ ನಡೆಯುತ್ತಿದ್ದಾರೆಂಬುದನ್ನು ತೋರಿಸುತ್ತದೆ.

ಈ ನಡುವೆ ಪ್ರಕಾರವೇ ದಿಕ್ಕು ಬದಲಿಸಿತ್ತು. ಪ್ರಶಾಂತ್ ನೀಲ್ ನಿರ್ದೇಶನದ ‘ಕೆಜಿಎಫ್’ 2018ರ ಡಿಸೆಂಬರ್‌ನಲ್ಲೂ, ಅದರ ಎರಡನೆಯ ಭಾಗ 2022ರ ಏಪ್ರಿಲ್‌ನಲ್ಲೂ ದೇಶದಾದ್ಯಂತ ತೆರೆಕಂಡು, ಗತಕಾಲವನ್ನು ದಾಖಲೆಯಿಂದ ಪುರಾಣಕ್ಕೆ ಸಾಗಿಸಿದವು. ಕೋಲಾರ ಚಿನ್ನದ ಗಣಿಯಲ್ಲಿ ಬ್ರಿಟಿಷ್ ಕಂಪನಿಯಾದ ಜಾನ್ ಟೇಲರ್ ಅಂಡ್ ಸನ್ಸ್ 1880ರಿಂದ ನಡೆಸಿದ ಗಣಿಗಾರಿಕೆಗೂ, 2001ರ ಫೆಬ್ರವರಿಯಲ್ಲಿ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗ ಕೆಲಸ ಕಳೆದುಕೊಂಡ ಕಾರ್ಮಿಕರ ಪಾಡಿಗೂ ಚಿತ್ರದಲ್ಲಿ ಬರುವ ನರಾಚಿ ಎಂಬ ಕಾಲ್ಪನಿಕ ಗಣಿಗೂ ಸಂಬಂಧವಿಲ್ಲ. ಆದರೂ ಚಿತ್ರೀಕರಣದ ಒಂದು ಭಾಗ ನಡೆದದ್ದು ಅಲ್ಲಿಯ ಸಯನೈಡ್ ದಿಬ್ಬಗಳ ಮೇಲೆ. ಪುಡಿಮಾಡಿದ ಅದಿರಿನಿಂದ ಚಿನ್ನವನ್ನು ಬೇರ್ಪಡಿಸಲು ಸಯನೈಡ್ ದ್ರಾವಣ ಬಳಸುತ್ತಿದ್ದರು. ಚಿನ್ನ ತೆಗೆದ ಮೇಲೆ ಉಳಿದ ನುಣ್ಣನೆಯ ಹುಡಿ ದಶಕಗಳ ಕಾಲ ರಾಶಿ ಬಿದ್ದು ಗುಡ್ಡಗಳಾದವು, ಗಾಳಿ ಬೀಸಿದಾಗ ಅದರ ಧೂಳು ಇಂದಿಗೂ ಊರಿನ ಮನೆಗಳೊಳಗೆ ನುಗ್ಗುತ್ತದೆ. ತೆರೆಯ ಮೇಲೆ ಮಾಯಾಲೋಕದಂತೆ ಕಾಣುವ ಆ ನೆಲ ಊರಿನವರಿಗೆ ಕೆಮ್ಮಿನ ಮೂಲ. ಈ ಚಿತ್ರಗಳಲ್ಲಿ ನಾಯಕ ರಾಕಿಯ ಪ್ರೇಮಕ್ಕಿಂತ ತಾಯಿಗೆ ಕೊಟ್ಟ ಮಾತೇ ಕಥೆಯನ್ನು ಎಳೆಯುತ್ತದೆ. ನಾಯಕಿ ಮತ್ತೆ ಬಿಡುವಿನ ವೇಳೆಗೆ ಮರಳಿದ್ದಾಳೆ. 2023ರ ಮಾರ್ಚ್‌ನಲ್ಲಿ ಬಂದ ಆರ್. ಚಂದ್ರು ಅವರ ‘ಕಬ್ಜ’, ವಾಯುಪಡೆಯ ಅಧಿಕಾರಿಯೊಬ್ಬ ಭೂಗತ ದೊರೆಯಾಗುವ ಕಥೆಗೆ ರಾಜಮನೆತನದ ಹುಡುಗಿಯೊಂದಿಗಿನ ಪ್ರೇಮವನ್ನು ಜೋಡಿಸಿದರೂ, ‘ಕೆಜಿಎಫ್’ನ ಕಪ್ಪು ಬಣ್ಣ ಮತ್ತು ಅಬ್ಬರದ ಗುಂಗಿನಿಂದ ಹೊರಬರಲಿಲ್ಲ.

ಬೆಂಗಳೂರಿನಿಂದ ಮೈಸೂರು, ಗುಂಡ್ಲುಪೇಟೆ, ಬಂಡೀಪುರದ ಕಾಡು, ಸುಲ್ತಾನ್ ಬತ್ತೇರಿಗಳನ್ನು ದಾಟಿ ಕೇರಳದ ವಯನಾಡು ಜಿಲ್ಲೆಯ ಕೇಂದ್ರವಾದ ಕಲ್ಪೆಟ್ಟವನ್ನು ತಲುಪಿದರೆ, ಗತಕಾಲದ ಅಪರಾಧದ ಕಥೆಗೆ ಬೇರೆಯದೇ ಮುಖ ಕಾಣುತ್ತದೆ. ಕನ್ನಡ ಮೂಲದ ಜೈನ ಕುಟುಂಬಗಳು ತಲೆಮಾರುಗಳಿಂದ ನೆಲೆಸಿ ಕಾಫಿ ತೋಟ ಬೆಳೆಸಿದ ಈ ಮಲೆಸೀಮೆಯಲ್ಲಿ ನಗರದ ರೌಡಿಗಳಿರಲಿಲ್ಲ, ಇದ್ದದ್ದು ಜೀತ. ಮಾನಂದವಾಡಿ ಬಳಿಯ ವಳ್ಳಿಯೂರ್‌ಕಾವು ಜಾತ್ರೆಯಲ್ಲಿ ಆದಿವಾಸಿ ಕೂಲಿಗಳನ್ನು ಒಂದು ವರ್ಷದ ದುಡಿಮೆಗೆ ಗೊತ್ತುಮಾಡಿಕೊಳ್ಳುವ ಪದ್ಧತಿಯಿತ್ತು. ಕೊಡಗಿನಲ್ಲಿ ಎರವರೆಂದು ಕರೆಯಲ್ಪಡುವ ಅಡಿಯರು ಹೀಗೆ ಜೀತಕ್ಕೆ ಬಿದ್ದವರಲ್ಲಿ ಮುಖ್ಯರು. ಅವರ ಕೂಲಿಗಾಗಿ ಹೋರಾಡಿದ ನಕ್ಸಲ್ ನಾಯಕ ಎ. ವರ್ಗೀಸ್ 1970ರ ಫೆಬ್ರವರಿ 18ರಂದು ತಿರುನೆಲ್ಲಿಯ ಕಾಡಿನಲ್ಲಿ ಸತ್ತಾಗ, ಅದು ಎನ್‌ಕೌಂಟರ್, ಅಂದರೆ ಪೊಲೀಸರೊಡನೆ ನಡೆದ ಗುಂಡಿನ ಚಕಮಕಿಯ ಸಾವು, ಎಂದು ಸರ್ಕಾರ ಹೇಳಿತು. ಸೆರೆಸಿಕ್ಕಿದ್ದ ವರ್ಗೀಸರನ್ನು ಮೇಲಧಿಕಾರಿಯ ಆಜ್ಞೆಯಂತೆ ತಾನೇ ಗುಂಡಿಟ್ಟು ಕೊಂದೆನೆಂದು ಕಾನ್‌ಸ್ಟೇಬಲ್ ರಾಮಚಂದ್ರನ್ ನಾಯರ್ ಬಹಿರಂಗವಾಗಿ ಒಪ್ಪಿಕೊಂಡದ್ದು 1998ರಲ್ಲಿ.

ಆ ತಪ್ಪೊಪ್ಪಿಗೆಯಿಂದ ಹುಟ್ಟಿದ ಮಲಯಾಳ ಚಿತ್ರ ಮಧುಪಾಲ್ ನಿರ್ದೇಶನದ ‘ತಲಪ್ಪಾವು’, ‘ಆ ದಿನಗಳು’ ಬಂದ ಮರುವರ್ಷ, 2008ರಲ್ಲಿ ತೆರೆಕಂಡಿತು. ನಕ್ಸಲ್ ಜೋಸೆಫ್ ಆಗಿ ಪೃಥ್ವಿರಾಜ್, ಕಾನ್‌ಸ್ಟೇಬಲ್ ರವೀಂದ್ರನ್ ಪಿಳ್ಳೆಯಾಗಿ ಲಾಲ್ ನಟಿಸಿದ್ದರು; ಲಾಲ್ ಅವರಿಗೆ ಆ ವರ್ಷದ ಕೇರಳ ರಾಜ್ಯ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಒಂದು ರೌಡಿಗಳ ಚಿತ್ರ, ಇನ್ನೊಂದು ಪೊಲೀಸನ ಚಿತ್ರ. ಆದರೂ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಎರಡೂ ಕೊಲೆಯಲ್ಲಿ ಪಾಲುಗೊಂಡವನ ಬಾಯಿಮಾತಿನಿಂದ ಹುಟ್ಟಿದವು, ಎರಡರಲ್ಲೂ ಕೊಂದ ಕೈಗಿಂತ ಕೊಲ್ಲಿಸಿದ ಬಾಯಿ ಮುಖ್ಯ, ಎರಡರಲ್ಲೂ ಆ ಬಾಯಿ ಮರ್ಯಾದಸ್ಥರದು. ಬೆಂಗಳೂರಿನಲ್ಲಿ ಅದನ್ನು ಬಯಲಿಗೆ ತಂದದ್ದು ಒಂದು ಪ್ರೇಮ, ವಯನಾಡಿನಲ್ಲಿ ಒಬ್ಬ ಮುದುಕನ ಮನಸ್ಸಾಕ್ಷಿ.

ಮಲಯಾಳದಲ್ಲಿ ಪ್ರೇಮ ಮತ್ತು ಗುಂಪುಗಾರಿಕೆಯನ್ನು ಒಟ್ಟಿಗೆ ಹಿಡಿದ ಪೀರಿಯಡ್ ಚಿತ್ರ ಬೇಕೆಂದರೆ ರಾಜೀವ್ ರವಿ ಅವರ ‘ಕಮ್ಮಟ್ಟಿಪ್ಪಾಡಂ’ (2016) ಇದೆ. ಕೊಚ್ಚಿಯ ನಡುವಿನ ಗದ್ದೆಬಯಲು ಹಲವು ದಶಕಗಳಲ್ಲಿ ಬಹುಮಹಡಿ ಕಟ್ಟಡಗಳ ಅಡಿ ಹೂತುಹೋದ ಕಥೆಯನ್ನು, ಆ ನೆಲದ ದಲಿತ ಯುವಕರು ಭೂಮಾಫಿಯಾಕ್ಕೆ, ಅಂದರೆ ಜಮೀನು ಕಬಳಿಸುವ ಜಾಲಕ್ಕೆ, ಕೈಯಾಳಾಗಿ ತಮ್ಮ ಜನರನ್ನೇ ಒಕ್ಕಲೆಬ್ಬಿಸಿದ ಕಥೆಯನ್ನು ಅದು ಹೇಳುತ್ತದೆ. ಕೃಷ್ಣನ್ ಮತ್ತು ಗಂಗಾ ಎಂ‍ಬ ಗೆಳೆಯರಿಬ್ಬರೂ ಒಬ್ಬಳೇ ಹುಡುಗಿಯನ್ನು, ಅನಿತಾಳನ್ನು, ಪ್ರೀತಿಸುತ್ತಾರೆ. ಬಾಲ್ಯದಿಂದ ಒಂದೇ ಬಯಲಿನಲ್ಲಿ ಬೆಳೆದ ಇಬ್ಬರ ನಡುವೆ ಜಾತಿಯ ಅಂತರ ಎಷ್ಟಿತ್ತೆಂಬುದನ್ನು ಅವರಿಗೆ ತಿಳಿಸಿಕೊಡುವುದು ಆ ಪ್ರೇಮವೇ. ಗಂಗಾ ಪಾತ್ರಕ್ಕಾಗಿ ವಿನಾಯಕನ್ ಕೇರಳ ರಾಜ್ಯ ಪ್ರಶಸ್ತಿ ಪಡೆದರು.

ಇಂಥ ಚಿತ್ರಗಳು ಹಿಂಸೆಯನ್ನು ವೈಭವೀಕರಿಸುತ್ತವೆ ಎಂಬ ಆಕ್ಷೇಪ ಹಳೆಯದು, ಅನೇಕ ಚಿತ್ರಗಳ ಮಟ್ಟಿಗೆ ನ್ಯಾಯವಾದದ್ದೂ ಹೌದು. 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಸೆನ್ಸಾರ್ ಮಂಡಳಿ ಅನುಸರಿಸುವ ಮಾರ್ಗಸೂಚಿಯಲ್ಲೂ ಹಿಂಸೆಯಂಥ ಸಮಾಜಘಾತುಕ ಕೃತ್ಯಗಳನ್ನು ವೈಭವೀಕರಿಸಬಾರದು, ಸಮರ್ಥಿಸಬಾರದು ಎಂಬ ಮಾತಿದೆ. ಆದರೆ ಕತ್ತರಿ ಬೀಳುವುದು ಸಾಮಾನ್ಯವಾಗಿ ರಕ್ತ ಚಿಮ್ಮುವ ದೃಶ್ಯಕ್ಕೆ. ಲಾಂಗು ಬೀಸಿದ್ದನ್ನು ನಿಧಾನಗತಿಯಲ್ಲಿ, ಅಬ್ಬರದ ಸಂಗೀತದೊಡನೆ ತೋರಿಸಿದರೆ ಎಷ್ಟು ಸೆಕೆಂಡು ಎಂದು ಅಳೆಯಬಹುದು, ಬೈಠಕ್‌ಖಾನೆಯಲ್ಲಿ ಕಾಫಿ ಕುಡಿಯುತ್ತ ಕೊಡುವ ಸುಪಾರಿಯನ್ನು ಅಳೆಯುವ ಮಾಪನ ಮಂಡಳಿಯಲ್ಲಿಲ್ಲ. ಸುಪಾರಿ ಎಂದರೆ ಕೂಲಿಗೆ ಒಪ್ಪಿಸಿದ ಕೊಲೆ ಅಥವಾ ಹಲ್ಲೆಯ ಕರಾರು. ‘ಆ ದಿನಗಳು’ ಚಿತ್ರದ ನಂತರ ಬಂದ ಬಹುತೇಕ ಕನ್ನಡ ಚಿತ್ರಗಳು ಆ ಬೈಠಕ್‌ಖಾನೆಯನ್ನು ಕೈಬಿಟ್ಟು ಲಾಂಗನ್ನಷ್ಟೇ ಉಳಿಸಿಕೊಂಡವು.

ವಯನಾಡಿನ ವರ್ಗೀಸ್ ಪ್ರಕರಣಕ್ಕೆ ಮಾತ್ರ ತೆರೆಯ ಹೊರಗೂ ಒಂದು ಮುಕ್ತಾಯ ಸಿಕ್ಕಿತು. ತಪ್ಪೊಪ್ಪಿಕೊಂಡ ರಾಮಚಂದ್ರನ್ ನಾಯರ್ 2006ರಲ್ಲೇ ತೀರಿಕೊಂಡಿದ್ದರು, ‘ತಲಪ್ಪಾವು’ ನೋಡಲು ಅವರಿರಲಿಲ್ಲ. ಚಿತ್ರ ತೆರೆಕಂಡ ಎರಡು ವರ್ಷಗಳ ಮೇಲೆ, ಕೊಲೆ ನಡೆದ ನಾಲ್ವತ್ತು ವರ್ಷಗಳ ಮೇಲೆ, 2010ರ ಅಕ್ಟೋಬರ್‌ನಲ್ಲಿ ಸಿಬಿಐ ವಿಶೇಷ ನ್ಯಾಯಾಲಯವು ಆ ಆಜ್ಞೆ ಕೊಟ್ಟಿದ್ದ ಮೇಲಧಿಕಾರಿ, ನಿವೃತ್ತ ಐಜಿ ಕೆ. ಲಕ್ಷ್ಮಣ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು.